ಬೈಲು ಗದ್ದೆಯ ಅಡಿಯ ಮರ

ಮನೆಯಂಗಳದಲ್ಲಿ ನಡೆಯಲು ನನಗೆ ಯಾರು ಕಲಿಸಿದರೋ ನೆನಪಿಲ್ಲ. ಬೈಲಿನಲ್ಲಿ ನಡೆಯಲು ಕಲಿಸಿದವಳು ಅಕ್ಕ. ಅವಳು ಮುಂದೆ, ನಾನು ಹಿಂದೆ. ಅವಳ ಕಾಲು ಎದ್ದ ಜಾಗವನ್ನು ಕೆಸರು ಮುಚ್ಚಿಕೊಳ್ಳುವ ಮೊದಲೇ ನನ್ನ ಕಾಲು ಅಲ್ಲಿಗೆ ಹೋಗಬೇಕು. ಒಂದು ಗೇಣು ಆಚೆ ಇಟ್ಟರೂ ಸೊಂಟದವರೆಗೆ ಹೂತುಹೋಗುತ್ತಿದ್ದೆ.

ಬೈಂದೂರು ಪೇಟೆಯಿಂದ ಮೂಡಕ್ಕೆ ಬಂದು, ಘಟ್ಟದ ಮೊದಲ ಸಾಲಿನ ಗುಡ್ಡಗಳನ್ನು ಹತ್ತಿದರೆ ನಡುವೆ ಬಟ್ಟಲಿನ ಹಾಗೆ ಒಂದು ತಗ್ಗು ಸಿಗುತ್ತದೆ. ಅದೇ ನಮ್ಮ ಬೈಲು. ಮೂರು ಕಡೆ ಗುಡ್ಡ, ನಾಲ್ಕನೆಯ ಕಡೆ ಅಡ್ಡಕ್ಕೆ ಮಲಗಿದ ಪಾರೆಕಲ್ಲು. ಮಳೆಗಾಲದಲ್ಲಿ ಮೂರು ಗುಡ್ಡಗಳ ನೀರೂ, ನೀರಿನ ಜೊತೆ ಮಣ್ಣೂ ಎಲೆಯೂ ಇಳಿದು ಬಂದು ಇಲ್ಲಿ ಕೂರುತ್ತವೆ. ಹೊರಗೆ ಹೋಗಲು ಇರುವುದು ಪಾರೆಯ ನಡುವಿನ ಒಂದು ಸೀಳು ಮಾತ್ರ. ಅಷ್ಟು ನೀರಿಗೆ ಅಷ್ಟು ಸಣ್ಣ ಬಾಯಿ ಯಾವತ್ತೂ ಸಾಕಾಗಿಲ್ಲ. ಹಾಗಾಗಿ ನಮ್ಮ ಗದ್ದೆ ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ಮೇಲೆ ಹಪ್ಪಳದಂಥ ಒಂದು ಹೆಪ್ಪು ಕಟ್ಟುತ್ತದೆ. ಅದರ ಮೇಲೆ ಕಾಗೆ ನಡೆಯಬಹುದು, ದನ ನಡೆಯಲಾರದು.

ಮೇಲಿನ ಮಕ್ಕಿ ಗದ್ದೆಗಳ ಮಣ್ಣು ಕೆಂಪು. ಬೈಲಿನ ಮಣ್ಣು ಕಪ್ಪೂ ಅಲ್ಲದ ಬೂದೂ ಅಲ್ಲದ ಬಣ್ಣ, ಒಳಗೆ ಹೋದಂತೆ ನೀಲಿ. ಭತ್ತದ ಗಿಡ ಕಿತ್ತು ನೋಡಿದರೆ ಬೇರಿಗೆಲ್ಲ ತುಕ್ಕು ಹಿಡಿದ ಹಾಗೆ ಕೆಂಪು. ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಪದರ ಇರುತ್ತಿತ್ತು. ಸಣ್ಣವನಿದ್ದಾಗ ಯಾರೋ ನಮ್ಮ ಗದ್ದೆಗೆ ಸೀಮೆಎಣ್ಣೆ ಸುರಿದಿದ್ದಾರೆಂದು ನಾನು ಅಮ್ಮನ ಹತ್ತಿರ ದೂರು ಹೇಳಿದ್ದೆ. ಅಕ್ಕ ಒಂದು ಕಡ್ಡಿ ಕೊಟ್ಟು ಮುಟ್ಟಿ ನೋಡಲು ಹೇಳಿದಳು. ಮುಟ್ಟಿದರೆ ಅದು ಗಾಜಿನ ಹಾಗೆ ತುಂಡು ತುಂಡಾಯಿತು. ಎಣ್ಣೆಯಾದರೆ ಹಾಗೆ ಒಡೆಯುವುದಿಲ್ಲ, ಇದು ಮಣ್ಣಿನೊಳಗಿನ ತುಕ್ಕು ಮೇಲೆ ಬಂದದ್ದು ಎಂದಳು. ಅವಳು ಶಾಲೆಗೆ ಹೋದದ್ದು ನನಗಿಂತಲೂ ಕಡಿಮೆ. ನಾನು ಐದನೆಯವರೆಗೆ ಹೋದವನು.

ಅಂಥ ಗದ್ದೆಯಲ್ಲಿ ಎತ್ತು ಕಟ್ಟಿ ಉಳುವ ಹಾಗಿರಲಿಲ್ಲ. ಮನುಷ್ಯರೇ ಇಳಿದು ಮಣ್ಣು ಮಗುಚಿ ಭತ್ತದ ಸಸಿ ನೆಡಬೇಕು, ಅದೇ ನೆಟ್ಟಿ. ಇಳಿದವರು ಮುಳುಗದಿರಲು ಹಳಬರು ಒಂದು ಉಪಾಯ ಮಾಡಿದ್ದರು. ಬೋಗಿ ಮರದ ದಿಮ್ಮಿಗಳನ್ನು ಮೂಡಣ ಅಂಚಿನಿಂದ ಒಳಗಿನವರೆಗೆ, ಹೆಜ್ಜೆಗೊಂದರಂತೆ, ಕೆಸರಿನಡಿಯಲ್ಲಿ ಮೊಣಕಾಲು ಆಳದಲ್ಲಿ ಹೂತಿದ್ದರು. ಯಾರು ಹೂತದ್ದೆಂದು ಗೊತ್ತಿಲ್ಲ. ನಮ್ಮ ಅಜ್ಜಿ ಮದುವೆಯಾಗಿ ಈ ಮನೆಗೆ ಬಂದಾಗಲೇ ಇದ್ದವಂತೆ. ಬೋಗಿ ಮರಕ್ಕೆ ನೀರೆಂದರೆ ಹೆದರಿಕೆಯಿಲ್ಲ. ಗಾಳಿ ತಾಗದ ಕೆಸರಿನಲ್ಲಿದ್ದರೆ ಕುಂಬಾಗಿ ಕೊಳೆಯುವುದೇ ಇಲ್ಲ. ಆ ಮರಗಳನ್ನು ಯಾರೂ ಕಣ್ಣಿಂದ ನೋಡಿದವರಿರಲಿಲ್ಲ. ಕಾಲಿಗೆ ಮಾತ್ರ ಗೊತ್ತಿತ್ತು.

ನೆಟ್ಟಿಯ ದಿನ ಮನೆಯ ಹಿರಿಯ ಹೆಂಗಸು ಮೊದಲು ಇಳಿಯುವುದು ಪದ್ಧತಿ. ಅವಳು ಕಾಲು ಇಳಿಸಿ, ಹುಡುಕಿ, ಮರ ತಾಗಿದ ಮೇಲೆ "ಸಿಕ್ತ್" ಎಂದು ಹೇಳಬೇಕು. ಆ ಮಾತು ಕೇಳಿದ ಮೇಲೆಯೇ ಹಿಂದಿನವಳು ಕಾಲು ಎತ್ತುವುದು. ಹಾಗೆ ಸಾಲಾಗಿ ಬೈಲಿನ ನಡುವಿನವರೆಗೆ ಹೋಗಿ, ಅಲ್ಲಿಂದ ಎರಡೂ ಬದಿಗೆ ಬಾಗಿ ಕೈಗೆ ಸಿಕ್ಕುವಷ್ಟು ದೂರ ನೆಟ್ಟು, ಹಿಂದೆ ಹಿಂದೆ ಬರಬೇಕು. ಮಳೆಯ ಸದ್ದಿನಲ್ಲಿ, ಮಳೆಗೆಂದು ಬೆನ್ನ ಮೇಲೆ ಎಲೆಯ ಗೊರಬು ಹೊತ್ತ ಹೆಂಗಸರ ಸಾಲಿನಿಂದ ಆ ಒಂದು ಮಾತು ಮಾತ್ರ ಮತ್ತೆ ಮತ್ತೆ ಕೇಳುತ್ತಿತ್ತು. ಅಮ್ಮ ಇರುವವರೆಗೆ ಅದು ಅಮ್ಮನ ಬಾಯಲ್ಲಿತ್ತು. ಅಮ್ಮ ಹೋದ ಮೇಲೆ ಅಕ್ಕನಿಗೆ ಬಂತು. ಆಗ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅಪ್ಪ ಮೊದಲೇ ತೀರಿಹೋಗಿದ್ದರಿಂದ ಗದ್ದೆಯೂ ನಾನೂ ಒಟ್ಟಿಗೇ ಅವಳ ಪಾಲಿಗೆ ಬಂದೆವು. ಅವಳಿಗೆ ಒಂದೆರಡು ಸಂಬಂಧ ಬಂದಿದ್ದವು. ಬಂದವರು ತಮ್ಮನನ್ನು ಎಲ್ಲಿ ಬಿಡುತ್ತೀ ಎಂದು ಕೇಳಿದರಂತೆ. ಮತ್ತೆ ಆ ಮಾತು ಮುಂದೆ ಹೋಗಲಿಲ್ಲ.

ನಾನು ಶಾಲೆ ಬಿಟ್ಟು ಬ್ರಹ್ಮಾವರದ ಒಂದು ಹೋಟೆಲಿಗೆ ಸೇರಿದೆ. ಮೊದಲು ಲೋಟ ತೊಳೆಯುವುದು, ಆಮೇಲೆ ದೋಸೆಕಲ್ಲಿನ ಮುಂದೆ. 1997ರಲ್ಲಿ ಆ ಹೋಟೆಲು ಮುಚ್ಚಿತು, ಊರಿಗೆ ಬಂದೆ. ಬರುವಾಗ ತಲೆಯ ತುಂಬ ಒಂದೇ ಆಸೆ. ಹೋಟೆಲಿನ ಎದುರಿನ ನಿಲ್ದಾಣದಲ್ಲಿ ದಿನವೂ ನೋಡುತ್ತಿದ್ದ ಆಟೋರಿಕ್ಷಾಗಳಂಥ ಒಂದು ರಿಕ್ಷಾ ನನಗೂ ಬೇಕು, ಬೈಂದೂರು ನಿಲ್ದಾಣದಲ್ಲಿ ನಾನೂ ಅದರ ಮುಂದಿನ ಸೀಟಿನಲ್ಲಿ ಕೂರಬೇಕು. ಅಕ್ಕನ ಹತ್ತಿರ ಅದನ್ನು ಹೇಳಿದ್ದೆ. ಅವಳು ನಗಾಡಿ, ನಮ್ಮ ದಾರಿಯಲ್ಲಿ ಎತ್ತಿನಗಾಡಿಯೇ ಹತ್ತುವುದಿಲ್ಲ, ನೀನು ರಿಕ್ಷಾ ತಂದರೆ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಬರಬೇಕಾದೀತು ಎಂದಿದ್ದಳು.

ಎರಡು ವರ್ಷದ ಮೇಲೆ, ಬೇಸಿಗೆಯಲ್ಲಿ, ಹಂಚಿನ ಕಾರ್ಖಾನೆಗೆ ಮಣ್ಣು ಒದಗಿಸುವವನೊಬ್ಬ ನಮ್ಮ ಬೈಲು ನೋಡಲು ಬಂದ. ಕುಂದಾಪುರದ ಸುತ್ತಿನ ಗದ್ದೆಗಳಲ್ಲಿ ಹಂಚಿಗೆ ಆಗುವ ಮಣ್ಣು ಮುಗಿಯುತ್ತ ಬಂದಿತ್ತಂತೆ, ಹಾಗಾಗಿ ಗುಡ್ಡದ ಕಡೆ ಹುಡುಕುತ್ತಿದ್ದ. ಅವನು ಒಂದು ಮುಷ್ಟಿ ಕೆಸರು ತೆಗೆದು ಬೆರಳುಗಳ ನಡುವೆ ಉಜ್ಜಿ, ಉಂಡೆ ಮಾಡಿ, ಬತ್ತಿ ಹೊಸೆದು, ಅದು ತುಂಡಾಗದೆ ಬಾಗಿದ್ದನ್ನು ನನಗೂ ತೋರಿಸಿದ. ಇಂಥ ಮಣ್ಣು ಇಟ್ಟುಕೊಂಡು ಭತ್ತ ಬೆಳೆಯುತ್ತೀರಲ್ಲ ಎಂದ. ದಾರಿಯನ್ನು ತಾವೇ ಕಡಿದುಕೊಳ್ಳುತ್ತೇವೆ, ಮೇಲಿನ ಮೆತ್ತನೆ ಮಣ್ಣು ತೆಗೆದರೆ ಅಡಿಯಲ್ಲಿ ಗಟ್ಟಿ ನೆಲ ಸಿಗುತ್ತದೆ, ಆಮೇಲೆ ಟಿಲ್ಲರ್ ಇಳಿಸಿ ಉಳಬಹುದು ಎಂದೂ ಹೇಳಿದ.

ನಾನು ಅದನ್ನು ನಂಬಿದೆ. ನಂಬಲು ನನಗೆ ಇಷ್ಟವಿತ್ತು. ಅಕ್ಕ ಮಳೆಯಲ್ಲಿ ಇಡೀ ದಿನ ಕೆಸರಿನಲ್ಲಿ ನಿಲ್ಲುವುದು ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರಾ ಸುಳ್ಳೇನಲ್ಲ. ಆದರೆ ಅದನ್ನು ಹೇಳಿಕೊಳ್ಳುವಾಗ ನನ್ನ ಕಣ್ಣೆದುರು ಇದ್ದದ್ದು ರಿಕ್ಷಾ.

ಅಕ್ಕ ಆಗ ಊರಲ್ಲಿರಲಿಲ್ಲ. ಚಿಕ್ಕಮ್ಮನ ಮಗಳ ಬಾಣಂತನಕ್ಕೆಂದು ಬ್ರಹ್ಮಾವರಕ್ಕೆ ಹೋಗಿದ್ದಳು. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಅಲ್ಲಿರಬಹುದಿತ್ತು, ಕೇಳಿ ಸಂಜೆಗೆ ವಾಪಸು ಬರಬಹುದಿತ್ತು. ನಾನು ಹೋಗಲಿಲ್ಲ. ಬೈಲಿನಲ್ಲಿ ನಮ್ಮದಲ್ಲದೆ ಇದ್ದ ಇನ್ನೊಂದು ಮನೆಯವರು ಬೀಗ ಹಾಕಿ ಮುಂಬಯಿಗೆ ಹೋಗಿ ವರ್ಷಗಳಾಗಿದ್ದವು. ಕೇಳುವವರು ಯಾರೂ ಇರಲಿಲ್ಲ.

ಮಣ್ಣು ತೋಡುವ ಯಂತ್ರ ಬಂತು. ಮೊದಲು ಪಡು ಬದಿಯಲ್ಲಿ ತೋಡಿದರು. ಒಂದಾಳು ಆಳದ ಗುಂಡಿಯ ಗೋಡೆಯಲ್ಲಿ ಪದರ ಪದರವಾಗಿ ಮಣ್ಣು ಕಾಣುತ್ತಿತ್ತು: ಬೂದು, ಕಪ್ಪು, ದಾರದಷ್ಟು ತೆಳ್ಳಗಿನ ಮರಳು, ಮತ್ತೆ ಬೂದು. ನಡುವೆ ಎಲೆಗಳ ಒಂದು ಪದರ. ನಾನು ಒಂದು ಎಲೆಯನ್ನು ಬಿಡಿಸಿ ತೆಗೆದೆ. ಎಷ್ಟು ಕಾಲದ್ದೋ ಏನೋ, ನರಗಳೆಲ್ಲ ಎದ್ದು ಕಾಣುತ್ತಿದ್ದವು, ಕಂದು ಬಣ್ಣ ಇನ್ನೂ ಇತ್ತು. ನೋಡುತ್ತಿದ್ದ ಹಾಗೆಯೇ ಅಂಗೈ ಮೇಲೆ ಕಪ್ಪಾಯಿತು. ಗಟ್ಟಿ ನೆಲ ಮಾತ್ರ ಸಿಗಲಿಲ್ಲ. ತೋಡಿದಷ್ಟೂ ಮೆತ್ತಗೆ. ಇದಕ್ಕೆ ತಳವೇ ಇಲ್ಲ ಎಂದು ಯಂತ್ರದವನು ಬಯ್ದ.

ಮೂಡು ಬದಿಗೆ ಬಂದಾಗ ಯಂತ್ರವೇ ಒಂದು ಕಡೆಗೆ ವಾಲಿ ಹೂತುಕೊಳ್ಳತೊಡಗಿತು. ಆಗ ಅದರ ಕೈಗೆ ಮರದ ದಿಮ್ಮಿ ತಾಗಿತು. ಕೆಸರು ಇಳಿಯುತ್ತ ಆ ಮರ ಮೇಲೆ ಬಂದಾಗ ನಾನು ಅಂಚಿನ ಮೇಲೆ ನಿಂತಿದ್ದೆ. ಕಬ್ಬಿಣದಷ್ಟು ಕಪ್ಪು. ನಮ್ಮ ಮನೆಯವರ ಪಾದಗಳು ತಿಕ್ಕಿದ ನಡುಭಾಗ ಮಾತ್ರ ಸ್ವಲ್ಪ ತಗ್ಗಾಗಿ ನುಣುಪಾಗಿತ್ತು. ಅದನ್ನು ಕಣ್ಣಿಂದ ಕಂಡ ಮೊದಲಿಗ ನಾನೇ ಇರಬೇಕು. ಯಂತ್ರದವನು ಒಂದರ ಹಿಂದೆ ಒಂದು ಎಳೆದು ತೆಗೆದು, ಯಂತ್ರ ಮುಳುಗದ ಹಾಗೆ ಅದರ ಅಡಿಗೇ ಹಾಕಿಕೊಂಡ. ನಾನು ಬೇಡ ಎನ್ನಲಿಲ್ಲ. ಬೇಡ ಎಂದರೆ ಯಂತ್ರ ಮುಳುಗುತ್ತದೆ ಎಂದು ಅವರು ಹೇಳುತ್ತಿದ್ದರು, ಅದೂ ನಿಜವೇ. ಕೊನೆಗೆ ಅವರು ಕೆಲಸ ಅರ್ಧಕ್ಕೆ ನಿಲ್ಲಿಸಿ ಹೊರಟಾಗ, ಲಾರಿಯವನು ಈ ಮರ ದೋಣಿಯವರಿಗೆ ಒಳ್ಳೆಯದು, ಗಂಗೊಳ್ಳಿಯಲ್ಲಿ ಕೇಳುತ್ತಾರೆ ಎಂದ. ತೆಗೆದುಕೊಂಡು ಹೋಗಿ ಎಂದೆ. ಅವು ಅಂಗಳದಲ್ಲಿ ಬಿದ್ದಿದ್ದರೆ ಅಕ್ಕನ ಕಣ್ಣಿಗೆ ಬೀಳುತ್ತವಲ್ಲ ಎಂಬುದೇ ಆಗ ನನ್ನ ತಲೆಯಲ್ಲಿದ್ದದ್ದು.

ಮಳೆ ಹಿಡಿಯಿತು. ಇಂಥ ಬೈಲಿನ ಗುಣವನ್ನು ನಾನು ಆ ವರ್ಷ ತಿಳಿದುಕೊಂಡೆ. ಗಾಯ ಮಾಡಿದರೂ ಅದು ತೋರಿಸಿಕೊಳ್ಳುವುದಿಲ್ಲ. ಮೊದಲ ವಾರದ ಮಳೆಗೆ ಅಂಚುಗಳು ಜಾರಿ ಗುಂಡಿಗೆ ಬಿದ್ದವು, ಗುಡ್ಡದ ರಾಡಿ ನೀರು ಬಂದು ತುಂಬಿತು, ರಾಡಿ ಕೆಳಗೆ ಕೂತಿತು, ಮೇಲೆ ನೀರು ತಿಳಿಯಾಯಿತು. ಅಕ್ಕ ಬಾಣಂತನ ಮುಗಿಸಿ ಬರುವಷ್ಟರಲ್ಲಿ ಗದ್ದೆ ಹೊರನೋಟಕ್ಕೆ ಹಿಂದಿನ ಹಾಗೆಯೇ ಇತ್ತು. ಲಾರಿಯ ದಾರಿ ಮಾತ್ರ ಗುಡ್ಡದ ಮೈಮೇಲೆ ಕೆಂಪಗೆ ಕಾಣುತ್ತಿತ್ತು. ಜಗುಲಿಯ ಪಕ್ಕದಲ್ಲಿ, ಮಣ್ಣಿನ ಹಣದಲ್ಲಿ ನಾನು ಕೊಂಡ ಸೆಕೆಂಡ್ ಹ್ಯಾಂಡ್ ರಿಕ್ಷಾ ನಿಂತಿತ್ತು.

ಅವಳು ಬಯ್ಯಲಿಲ್ಲ. ರಿಕ್ಷಾದ ಸುತ್ತ ಒಂದು ಸುತ್ತು ಬಂದು, ತಲೆ ಮೇಲೆ ಹೊತ್ಕಂಡ್ ಬಂದದ್ದಾ ಎಂದು ತಮಾಷೆ ಮಾಡಿದಳು. ಆಮೇಲೆ ಅಂಚಿನ ಮೇಲೆ ನಿಂತು ಬೈಲನ್ನೇ ನೋಡಿದಳು.

"ಮರ ಇಪ್ಪಲ್ಲಿಗ್ ಹೋಯ್ಲಿಲ್ಲ ಅಲ್ದಾ?"

"ಇಲ್ಲ ಅಕ್ಕ. ಪಡು ಬದಿ ಮಾತ್ರ."

ಇಷ್ಟೇ ನಾನು ಹೇಳಿದ ಸುಳ್ಳು. ಅದನ್ನು ಸರಿಪಡಿಸಲು ನೆಟ್ಟಿಯವರೆಗೆ ನನಗೆ ಬೇಕಾದಷ್ಟು ದಿನಗಳಿದ್ದವು. ಬೆಳಿಗ್ಗೆ ಗಂಜಿ ಉಣ್ಣುವಾಗ ಹೇಳೋಣ ಎಂದುಕೊಂಡರೆ ಅವಳು ಬ್ರಹ್ಮಾವರದ ಮಗುವಿನ ಸುದ್ದಿ ತೆಗೆಯುತ್ತಿದ್ದಳು. ಸಂಜೆ ಹೇಳೋಣ ಎಂದರೆ ಅವಳಿಗೆ ಸುಸ್ತು. ಕೆಲವು ಸಲ ಮರಗಳು ಇನ್ನೂ ಅಡಿಯಲ್ಲಿ ಇವೆಯೇನೋ ಎಂದು ನನಗೇ ಅನ್ನಿಸುತ್ತಿತ್ತು. ಎಲ್ಲವನ್ನೂ ಅವರು ತೆಗೆದರೆಂದು ಏನು ಗ್ಯಾರಂಟಿ? ಒಂದೆರಡಾದರೂ ಉಳಿದಿರಬಹುದು. ನೀರಿನ ಮೇಲ್ಮೈ ಅಷ್ಟು ಸಪಾಟಾಗಿರುವಾಗ ಹಾಗೆ ನಂಬುವುದು ಕಷ್ಟವಿರಲಿಲ್ಲ.

ನೆಟ್ಟಿಯ ದಿನ ಸಣ್ಣ ಮಳೆ. ಕೆಳಗಿನ ಊರಿನಿಂದ ಇಬ್ಬರು ಹೆಂಗಸರು ಬಂದಿದ್ದರು, ವರ್ಷವೂ ಬರುವವರು. ನಾನು ಅಗೆಯ ಕಟ್ಟುಗಳನ್ನು, ಅಂದರೆ ಕಿತ್ತು ಕಟ್ಟಿದ ಭತ್ತದ ಸಸಿಗಳನ್ನು, ಅಂಚಿಗೆ ಹೊತ್ತು ತಂದು ಹಾಕುತ್ತಿದ್ದೆ. ಅಕ್ಕ ಸೀರೆ ಎತ್ತಿಕಟ್ಟಿ, ಒಂದು ಕಟ್ಟು ಕಂಕುಳಲ್ಲಿ ಹಿಡಿದು, ಇಳಿದಳು. ಕಾಲು ಆಡಿಸಿ ಹುಡುಕಿದಳು.

"ಸಿಕ್ತ್" ಎಂದಳು.

ಅಂಚಿಗೆ ತಾಗಿದ ಮೊದಲ ಮರವನ್ನು ಯಂತ್ರ ಮುಟ್ಟಿರಲಿಲ್ಲ. ಆ ಮಾತು ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು. ಇದ್ದರೂ ಇರಬಹುದು, ಎಲ್ಲವೂ ಇರಬಹುದು ಎಂದು ಅನ್ನಿಸಿತು. ಕೂಗಲು ಬಾಯಿ ತೆರೆದಿದ್ದವನು ಮುಚ್ಚಿದೆ. ಅವಳು ಎರಡನೆಯ ಹೆಜ್ಜೆಯನ್ನು ಹುಡುಕಲೂ ಇಲ್ಲ. ಅಷ್ಟು ವರ್ಷ ನಡೆದವಳು, ಮೊದಲನೆಯದು ಸಿಕ್ಕಿದ ಮೇಲೆ ಎರಡನೆಯದು ಎಲ್ಲಿರಬೇಕೋ ಅಲ್ಲಿಗೆ ಪೂರ್ತಿ ಭಾರ ಹಾಕಿ ಕಾಲಿಟ್ಟಳು.

ಒಂದು ಕಾಲು ಮರದ ಮೇಲೆ, ಇನ್ನೊಂದು ಕಾಲು ತೊಡೆಯವರೆಗೆ ಕೆಳಗೆ. ಮೈ ಒಂದು ಬದಿಗೆ ತಿರುಗಿತು. ಮರದ ಮೇಲಿದ್ದ ಕಾಲಿನ ಮೊಣಕಾಲು ತಿರುಚಿದ ಸದ್ದು ನನಗೆ ಕೇಳಿಸಿತೋ, ಅಥವಾ ಆಮೇಲೆ ಯೋಚಿಸಿ ಯೋಚಿಸಿ ಕೇಳಿಸಿದ ಹಾಗಾಗಿದೆಯೋ, ಗೊತ್ತಿಲ್ಲ. ಅವಳು ಕೂಗಲಿಲ್ಲ. ಅಗೆಯ ಕಟ್ಟನ್ನು ಮಾತ್ರ ನೀರಿಗೆ ಬಿಡದೆ ಎತ್ತಿ ಹಿಡಿದಿದ್ದಳು. ಏಣಿ ತಂದು ಕೆಸರಿನ ಮೇಲೆ ಮಲಗಿಸಿ, ಅದರ ಮೇಲೆ ಬೋರಲಾಗಿ ತೆವಳಿ ಹೋಗಿ ನಾನು ಅವಳನ್ನು ಎಳೆದೆ. ಹೊಸ ದಾರಿಯಲ್ಲಿ, ಹೊಸದಾಗಿ ಕೊಂಡ ರಿಕ್ಷಾದಲ್ಲಿ, ಕುಂದಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ರಿಕ್ಷಾ ನಮ್ಮ ಮನೆಯಿಂದ ಹೊತ್ತ ಮೊದಲ ಸವಾರಿ ಅವಳೇ.

ದಾರಿಯಲ್ಲಿ ಜೊತೆಗೆ ಕುಳಿತ ಹೆಂಗಸು ನನ್ನನ್ನು ಬಯ್ಯಲು ಶುರುಮಾಡಿದಳು, ಮಣ್ಣು ಮಾರಿ ಅಕ್ಕನ ಕಾಲು ಮುರಿದೆ ಎಂದು. ಅಕ್ಕನೇ ತಡೆದಳು.

"ಬದಿ ಮಣ್ ತೆಗ್ದದ್ದಕ್ಕೆ ಮರ ಜಾರಿತ್ ಕಾಣ್. ಅವಂಗ್ ಹೆಂಗೆ ಗೊತ್ತಾತ್ತ್, ಪಾಪ."

ನಾನು ರಿಕ್ಷಾ ಓಡಿಸುತ್ತಿದ್ದೆ. ಎದುರಿನ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಆ ಪಾಪ ಎಂಬ ಮಾತನ್ನು ನಾನು ತೆಗೆದುಕೊಂಡು ಇಟ್ಟುಕೊಂಡೆ.

ಅವಳ ಮೊಣಕಾಲು ಮತ್ತೆ ಸರಿಯಾಗಲಿಲ್ಲ. ಮನೆಯೊಳಗೆ ಕುಂಟುತ್ತ ನಡೆಯುತ್ತಿದ್ದಳು, ಮೆಟ್ಟಿಲಿಗೆ ಕೋಲು ಬೇಕಾಗುತ್ತಿತ್ತು. ಗದ್ದೆಗೆ ಇಳಿಯುವ ಮಾತೇ ಇಲ್ಲ. ಸುದ್ದಿ ಕೆಳಗಿನ ಊರಿಗೆಲ್ಲ ಹರಡಿ ನೆಟ್ಟಿಯ ಹೆಂಗಸರು ಯಾರೂ ನಮ್ಮ ಬೈಲಿಗೆ ಬರಲು ಒಪ್ಪಲಿಲ್ಲ. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿತ್ತು. ಆಳೆತ್ತರ ಜಂಬುಹುಲ್ಲು ಬೆಳೆಯಿತು. ನಾನು ಬೈಂದೂರಿನಲ್ಲಿ ಬಾಡಿಗೆ ಓಡಿಸಿ ಅಂಗಡಿಯಿಂದ ಅಕ್ಕಿ ತರುತ್ತಿದ್ದೆ. ಅವಳು ಅನ್ನದ ಅಗುಳು ಬೆರಳಲ್ಲಿ ಒತ್ತಿ ನೋಡಿ ಉಣ್ಣುತ್ತಿದ್ದಳು. ನಮ್ಮ ಬೈಲಿನ ಅಕ್ಕಿ ದಪ್ಪ, ಕೆಂಪು, ಗಂಜಿಯಲ್ಲಿ ರಾತ್ರಿಯವರೆಗೆ ಇಟ್ಟರೂ ಕರಗದ್ದು. ಸಂಜೆ ಅವಳು ಜಗುಲಿಯಲ್ಲಿ ಬೈಲಿನ ಕಡೆ ಮುಖ ಮಾಡಿಯೇ ಕೂರುತ್ತಿದ್ದಳು.

ನನಗೂ ಮದುವೆಯ ಮಾತು ಬಂದು ಹೋಯಿತು. ಯಾಕೋ ನಾನೇ ಮುಂದೆ ಹಾಕಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೇಳಿದರೆ ನನ್ನನ್ನು ನಾನೇ ದೊಡ್ಡವನು ಮಾಡಿಕೊಂಡ ಹಾಗೆ.

ಮಳೆಗಾಲದ ಮೊದಲು ಒಣಮೀನು ತರಲು ನಾನು ಗಂಗೊಳ್ಳಿಗೆ ಹೋಗುವುದಿತ್ತು. ಒಂದು ವರ್ಷ ಅಲ್ಲಿ ದೋಣಿಯೊಂದನ್ನು ದಡಕ್ಕೆ ಎಳೆಯುತ್ತಿದ್ದರು. ದೋಣಿಯ ಅಡಿಗೆ ಕಪ್ಪು ದಿಮ್ಮಿಗಳನ್ನು ಹಾಕಿ, ಹಿಂದಿನದನ್ನು ತೆಗೆದು ಮುಂದಕ್ಕೆ ಇಡುತ್ತ, ಹತ್ತಾರು ಜನ ಒಟ್ಟಿಗೆ ಕೂಗುತ್ತ ದೂಡುತ್ತಿದ್ದರು. ಒಣಮೀನಿನ ಚೀಲ ಕೆಳಗಿಟ್ಟು ನಾನು ನಿಂತೆ. ನಮ್ಮವೇ ಎಂದು ಹೇಳಲಾರೆ. ಎಲ್ಲ ಹಳೆಯ ಬೋಗಿ ಮರವೂ ಕಪ್ಪೇ. ಆದರೂ ಒಂದರ ನಡುಭಾಗ ತಗ್ಗಾಗಿ ಇದೆಯೇ ಎಂದು ಬಗ್ಗಿ ನೋಡಿದೆ. ದೋಣಿಯವರಲ್ಲಿ ಒಬ್ಬ, ಹ್ವಾಯ್, ಎಂತ ಬಿತ್ತ್ ಅಲ್ಲಿ ಎಂದು ಕೇಳಿದ. ಏನಿಲ್ಲ ಎಂದು ಬಂದೆ.

ಹೀಗೆ ಹನ್ನೆರಡು ವರ್ಷ ಕಳೆಯಿತು. ಒಂದು ಮಳೆಗಾಲದ ಮೊದಲು ಅಕ್ಕ ಈ ಸಲ ಗದ್ದೆ ನೆಡಬೇಕು ಎಂದಳು. ನನಗೆ ಹೇಳುವ ಮೊದಲೇ ಎಲ್ಲ ಮಾಡಿಟ್ಟಿದ್ದಳು. ಹಳೆಯ ಬೀಜ ಬೇರೆಯವರ ಮನೆಯಿಂದ ಕೇಳಿ ತರಿಸಿ ಮಕ್ಕಿಯಲ್ಲಿ ಅಗೆ ಹಾಕಿಸಿದ್ದಳು, ಹುಲ್ಲು ಕೊಯ್ಯಿಸಿದ್ದಳು. ಹಿಂದೆ ಬರುತ್ತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳನ್ನೂ ಅವಳ ಸೊಸೆಯನ್ನೂ ಕರೆಸಿ ಮಾತಾಡಿದ್ದಳು. ಅವರು ಹಿಂಜರಿದಾಗ, ಮೂಡು ಬದಿಯ ಮಣ್ಣು ತೆಗೆದಿಲ್ಲ, ಮರಗಳು ಜಾರಿದ್ದರೂ ಅಲ್ಲೇ ಎಲ್ಲೋ ಇರಬೇಕು, ಅವನ್ನು ಹುಡುಕಿ ಜಾಗಕ್ಕೆ ಕೂರಿಸಿ ಕೊಡುತ್ತೇನೆ, ಅದು ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟಿದ್ದಳು. ಹುಡುಕುವವನು ನಾನು.

ಅವಳು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅಂಚಿಗೆ ತರಿಸಿ ಕುಳಿತಳು. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ಅಂಚಿನ ಗೇರುಮರಕ್ಕೆ ಬಿಗಿಸಿದಳು. ಕೈಗೆ ಉದ್ದದ ಕಬ್ಬಿಣದ ಸಲಾಕೆ ಕೊಟ್ಟಳು. ಅಂಚಿನಡಿಯ ಮೊದಲ ಮರದ ಮೇಲೆ ನಿಂತು ನಾನು ಚುಚ್ಚತೊಡಗಿದೆ. ಅವಳು ಕೋಲು ಎತ್ತಿ ತೋರಿಸುತ್ತಿದ್ದಳು, ಅಲ್ಲಿ, ಇನ್ನೊಂಚೂರು ಆಚೆ, ಅಲ್ಲ, ಬಡಗು ಬದಿಗೆ. ಅವಳು ತೋರಿಸಿದ ಪ್ರತಿಯೊಂದು ಜಾಗವೂ ಸರಿಯಾಗಿತ್ತು. ಹಿಂದೆ ಮರ ಇದ್ದದ್ದು ಅಲ್ಲಿಯೇ. ಸಲಾಕೆ ಬೆಣ್ಣೆಗೆ ಹೋದ ಹಾಗೆ ಹಿಡಿಯವರೆಗೆ ಹೋಗುತ್ತಿತ್ತು. ನಾನು ಪ್ರತಿ ಸಲವೂ ಹುಡುಕುವವನ ಹಾಗೆ ತಿರುಗಿಸಿ, ಎತ್ತಿ, ಪಕ್ಕದಲ್ಲಿ ಚುಚ್ಚುತ್ತಿದ್ದೆ.

ಹೊತ್ತು ಏರಿತು. ಆ ಹೆಂಗಸೂ ಸೊಸೆಯೂ ಜಾಗ ನೋಡಿ ಹೋಗಲು ಬಂದರು. ಹೆಂಗಸು ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ನನ್ನ ಕೆಲಸ ನೋಡಿದಳು.

"ನಿಮ್ ತಮ್ಮ ಮೀನ್ ಹಿಡುಕೆ ಇಳ್ದದ್ದಾ, ಮರ ಹುಡ್ಕುಕಾ?"

ಅಕ್ಕ ನಗಾಡಿದಳು. ಅವಳು ಅಷ್ಟು ಬಾಯಿ ತುಂಬ ನಗಾಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಅವಳಿಗೆ ನೆಟ್ಟಿ ಶುರುವಾಗಿಯೇ ಬಿಟ್ಟ ಹಾಗಿತ್ತು. ಸೊಸೆ ಸಣ್ಣ ಹುಡುಗಿ, ಮದುವೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಅವಳು ಚಪ್ಪಲಿ ಬಿಟ್ಟು ಅಂಚಿನ ಬದಿಗೆ ಬಂದು, ಎಷ್ಟು ಆಳ ಇರಬಹುದು ಎಂದು ಒಂದು ಕಾಲನ್ನು ನೀರಿಗೆ ಇಳಿಸಿದಳು. ಅಕ್ಕ ಅವಳಿಗೆ ಹೇಳುತ್ತಿದ್ದಳು, ನೀನು ಹೆದರಬೇಡ, ಮರ ಒಂದು ಸಲ ಕಾಲಿಗೆ ಸಿಕ್ಕಿದರೆ ಆಮೇಲೆ ಮನೆಯೊಳಗೆ ನಡೆದ ಹಾಗೆ, ಎರಡನೆಯದನ್ನು ಹುಡುಕುವುದೇ ಬೇಡ ಎಂದು.

ಆ ಹುಡುಗಿಯ ಕಾಲು ಕೆಸರಿನ ಮೇಲೆ ಆಡುತ್ತಿತ್ತು. ಇಷ್ಟು ವರ್ಷ ಸುಮ್ಮನಿದ್ದವನಿಗೆ ಅಲ್ಲಿ ಸುಮ್ಮನಿರಲು ಆಗಲಿಲ್ಲ.

"ಅಕ್ಕ, ಮರ ಇಲ್ಲ."

"ಇತ್ತ್. ಒಂಚೂರ್ ಮೂಡಕ್ ಕಾಣ್."

"ಎಲ್ಲೂ ಇಲ್ಲ. ನೀ ಬ್ರಹ್ಮಾವರದಗೆ ಇಪ್ಪತಿಗೇ ತೆಗ್ದಾಯ್ತ್. ಲಾರಿಯವ್ರಿಗೆ ನಾನೇ ಕೊಟ್ಟೆ."

ಅಕ್ಕ ಎತ್ತಿ ಹಿಡಿದಿದ್ದ ಕೋಲು ಹಾಗೆಯೇ ಇತ್ತು. ಹೆಂಗಸು ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಅಕ್ಕ ಕೋಲನ್ನು ನಿಧಾನಕ್ಕೆ ಕೆಳಗಿಳಿಸಿ, ನನ್ನ ಕೈಯ ಸಲಾಕೆಯನ್ನು ನೋಡಿದಳು.

"ಹಂಗಾರೆ ಬೆಳಗ್ಗಿಂದ ಎಂತ ಹುಡ್ಕುದ್ ನೀನ್?"

ಅವಳು ಎದ್ದು, ಕುರ್ಚಿಯನ್ನು ಅಲ್ಲೇ ಬಿಟ್ಟು, ಕುಂಟುತ್ತ ಮನೆಗೆ ಹೋದಳು. ಹೆಂಗಸರು ಚಪ್ಪಲಿ ಮೆಟ್ಟಿಕೊಂಡು ಗುಡ್ಡ ಇಳಿದರು. ಸೊಂಟದ ಹಗ್ಗ ಅವಳೇ ಬಿಗಿದು ಹಾಕಿದ ಗಂಟು. ಕೆಸರು ಕೈಯಲ್ಲಿ ಅದನ್ನು ಬಿಚ್ಚಲು ನನಗೆ ತುಂಬ ಹೊತ್ತು ಹಿಡಿಯಿತು.

ಅವಳು ಊಟ ಬಡಿಸುವುದನ್ನು ನಿಲ್ಲಿಸಲಿಲ್ಲ. ಗಂಜಿ, ಉಪ್ಪಿನಕಾಯಿ, ಇದ್ದರೆ ಒಂದು ತುಂಡು ಮೀನು, ಎಲ್ಲ ಹಿಂದಿನ ಹಾಗೆಯೇ. ಮಾತು ಮಾತ್ರ ಇಲ್ಲ. ಬಯ್ದರೆ ನನಗೆ ಸುಲಭವಿತ್ತು. ನಾಲ್ಕೈದು ದಿನವಾದ ಮೇಲೆ ಒಂದು ಬೆಳಿಗ್ಗೆ, ನಾನು ರಿಕ್ಷಾ ಒರೆಸುತ್ತಿರುವಾಗ, ಬಾಗಿಲ ದಾರಂದ ಹಿಡಿದು ನಿಂತು ಕೇಳಿದಳು.

"ಅವತ್ತ್ ನಾನ್ ಸಿಕ್ತ್ ಅಂದದ್ದ್ ಕೇಳ್ತಾ ನಿಂಗೆ?"

"ಕೇಳ್ತ್."

ಅವಳು ತಲೆ ಅಲ್ಲಾಡಿಸಿ ಒಳಗೆ ಹೋದಳು. ಆ ವಿಷಯದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ. ರಿಕ್ಷಾ, ಮಣ್ಣು, ಮರ, ಯಾವುದನ್ನೂ ಕೇಳಲಿಲ್ಲ. ಸುಳ್ಳು ಯಾಕೆ ಹೇಳಿದೆ ಎಂದೂ ಕೇಳಲಿಲ್ಲ. ಅವಳು ಕೇಳಿದ್ದು, ನಾನು ಬಾಯಿ ಮುಚ್ಚಿಕೊಂಡು ನಿಂತ ಆ ಒಂದು ಗಳಿಗೆಯನ್ನು.

ಮಧ್ಯಾಹ್ನ ಅವಳೇ ಬಾವಿಯ ಹಿಂದಿನ ಬೈನೆ ಮರವನ್ನು ತೋರಿಸಿ ಅದನ್ನು ಕಡಿ ಎಂದಳು. ಬೋಗಿ ಮರ ಈಗ ಎಲ್ಲಿ ಸಿಗುತ್ತದೆ, ಸಿಕ್ಕರೂ ಯಾರು ಕಡಿಯಲು ಬಿಡುತ್ತಾರೆ. ಬೈನೆಯ ಹೊರಗಿನ ಭಾಗ ಗಟ್ಟಿ, ಒಳಗಿನ ತಿರುಳು ತೆಗೆದು ಹಾಕಿದರೆ ನೀರಿನಲ್ಲಿ ಕೆಲವು ವರ್ಷ ಬಾಳುತ್ತದೆ. ಕಡಿದು, ಸೀಳಿ, ತಿರುಳು ಕೆತ್ತಿ, ಬೆನ್ನು ಮೇಲಾಗಿ ಹೂತೆ. ಮೊದಲ ಸಲ ಹೂತವು ರಾತ್ರಿಯ ಮಳೆಗೆ ಕಾಲಿಗೆ ಎಟುಕದಷ್ಟು ಕೆಳಗೆ ಹೋದವು. ತೋಡಿದ ಗುಂಡಿಗೆ ತುಂಬಿದ್ದ ರಾಡಿ ಇನ್ನೂ ಗಂಜಿಯ ಹಾಗೆಯೇ ಇತ್ತು. ಹಳೆಯ ಮಣ್ಣಿಗಿದ್ದ ಹಿಡಿತ ಅದಕ್ಕೆ ಬಂದಿರಲಿಲ್ಲ. ಅದು ಬರಲು ಇನ್ನೆಷ್ಟು ತಲೆಮಾರು ಬೇಕೋ. ಅಕ್ಕ ಯೋಚಿಸಿ, ಅಡಿಗೆ ಗೇರು ಗೆಲ್ಲುಗಳ ಹೊರೆಗಳನ್ನು ಹಾಕಿ ತುಳಿದು ಅದರ ಮೇಲೆ ಮರ ಇಡಲು ಹೇಳಿದಳು. ಹಾಗೆ ಇಟ್ಟವು ನಿಂತವು.

ಆ ವರ್ಷ ಹೆಂಗಸರು ಬರಲಿಲ್ಲ. ಅವರನ್ನು ಕರೆಯಲು ಅವಳಿಗೆ ಮುಖ ಇರಲಿಲ್ಲ. ಕೊಟ್ಟ ಮಾತು ಸುಳ್ಳಾದದ್ದು ಅವಳದ್ದಲ್ಲವೇ. ನೆಟ್ಟಿಯ ಬೆಳಿಗ್ಗೆ ಅವಳು ಕುರ್ಚಿಯಲ್ಲಿ ಕುಳಿತು, ಅಗೆಯ ಕಟ್ಟನ್ನು ನನ್ನ ಕೈಗೆ ಕೊಟ್ಟಳು.

"ನೀನೇ ಮೊದ್ಲ್ ನಡಿ. ನಾನ್ ಕಾಣ್ತೆ."

ಹಿರಿಯ ಹೆಂಗಸು ಇಳಿಯಬೇಕಾದ ಜಾಗದಲ್ಲಿ ನಾನು ಇಳಿದೆ. ಸೊಂಟ ಬಗ್ಗಿಸಿ ನೆಡುವುದು ನನಗೆ ಬರುತ್ತಿರಲಿಲ್ಲ, ನನ್ನ ಸಾಲು ಸೊಟ್ಟ. ಬೈಲಿನ ಒಂದು ಮೂಲೆಯಷ್ಟು ಮಾತ್ರ ನೆಟ್ಟೆವು. ಆದರೂ ಆ ವರ್ಷ ನಮ್ಮದೇ ಅಕ್ಕಿಯ ಗಂಜಿ ಕೆಲವು ದಿನ ಉಂಡೆವು. ಎರಡು ವರ್ಷ ಕಳೆದ ಮೇಲೆ ಆ ಸೊಸೆ ತಾನಾಗಿಯೇ ಬಂದಳು. ಈಗ ನನ್ನ ಹಿಂದೆ ಅವಳಿರುತ್ತಾಳೆ.

ಮೊದಲು ಇಳಿಯುವುದು ಈಗಲೂ ನಾನೇ. ಕಾಲು ಇಳಿಸುತ್ತೇನೆ, ಹುಡುಕುತ್ತೇನೆ, ಬೈನೆಯ ಉರುಟು ಬೆನ್ನು ಪಾದಕ್ಕೆ ತಾಗುತ್ತದೆ.

"ಸಿಕ್ತಾ?" ಎಂದು ಅಕ್ಕ ಅಂಚಿನಿಂದ ಕೇಳುತ್ತಾಳೆ.

"ಸಿಕ್ತ್" ಎನ್ನುತ್ತೇನೆ.

ಅವಳು ಅಷ್ಟಕ್ಕೇ ಬಿಡುವುದಿಲ್ಲ. ಹಿಂದಿನವಳಿಗೆ ತಡೆ ಎಂದು ಕೈ ತೋರಿಸಿ, ನನ್ನ ಮೊಣಕಾಲನ್ನೇ ನೋಡುತ್ತಾಳೆ. ನಾನು ಪೂರ್ತಿ ಭಾರ ಹಾಕಿ ನಿಲ್ಲುತ್ತೇನೆ. ನೀರು ಮೊಣಕಾಲಿನಿಂದ ಮೇಲೆ ಏರಲಿಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಅವಳು ಕೈ ಇಳಿಸುವುದು.